ಶೇಡ್ ಕಾರ್ಡ್ ನೋಡಿ ಆರಿಸಿದ ವೈನು

ಅವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಅಂಗಡಿಯ ಲೈಸೆನ್ಸಿನಲ್ಲಿ, ಗೋಡೆಗೆ ತೂಗುಹಾಕಿದ ಚೌಕಟ್ಟಿನೊಳಗೆ, ಧೂಳು ಕುಡಿದುಕೊಂಡು ಸುಖವಾಗಿತ್ತು. ಜನರ ಬಾಯಲ್ಲಿ ಅವರು ಮೂಗುರಾಯರು. ಮೂಗು ದೊಡ್ಡದಿತ್ತು, ನಿಜ. ಮಳೆ ಬಂದರೆ ಮೀಸೆ ನೆನೆಯುತ್ತಿರಲಿಲ್ಲ. ಆದರೆ ಹೆಸರು ಬಂದದ್ದು ಗಾತ್ರದಿಂದಲ್ಲ, ಕೀರ್ತಿಯಿಂದ. ಶನಿವಾರದ ಊಟದ ಬಳಗದಲ್ಲಿ ಯಾವ ಅಡುಗೆಗೆ ಯಾವ ವೈನು ಎಂದು ತೀರ್ಪು ಕೊಡುವ ಮೂಗು ಅದು. ಗ್ಲಾಸನ್ನು ಅದರ ಕೆಳಗೆ ಹಿಡಿದು, ಕಣ್ಣು ಮುಚ್ಚಿ, ಎಂಟು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ರಾಯರು "ಹ್ಞೂಂ" ಅಂದರೆ ಸಾಕು, ಸುತ್ತ ಕೂತವರು ಬಿಗಿಹಿಡಿದ ಉಸಿರು ಬಿಡುತ್ತಿದ್ದರು.

ಆ ಮೂಗಿಗೆ ಹನ್ನೊಂದು ವರ್ಷದಿಂದ ಏನೂ ಗೊತ್ತಾಗುತ್ತಿರಲಿಲ್ಲ.

ರಾಯರದು ಬಣ್ಣದ ಅಂಗಡಿ. ಮುಂಭಾಗ ಹನ್ನೆರಡು ಅಡಿ, ಹಿಂದಕ್ಕೆ ರೈಲುಡಬ್ಬಿಯ ಹಾಗೆ ಉದ್ದ, ತುದಿಯಲ್ಲಿ ಕಿಟಕಿಯಿಲ್ಲದ ಗೋದಾಮು. ಇಪ್ಪತ್ತು ವರ್ಷ ಅವರು ಬೆಳಗಿನಿಂದ ಸಂಜೆಯವರೆಗೆ ಥಿನ್ನರು, ಟರ್ಪೆಂಟೈನು, ವಾರ್ನಿಷಿನ ಆವಿಯನ್ನೇ ಉಸಿರಾಡಿದ್ದರು. ಒಂದು ದಿನ ಗೋದಾಮಿನಲ್ಲಿ ಥಿನ್ನರಿನ ಡ್ರಮ್ಮಿನ ನಲ್ಲಿ ಸಡಿಲವಾಗಿ ನೆಲವೆಲ್ಲ ಕೊಳವಾಯಿತು. ಬಾಗಿಲು ತೆಗೆದಿಟ್ಟು ಗಾಳಿಯಾಡಲಿ ಎಂದು ಕಾಯುವ ಬುದ್ಧಿ ಬೇರೆ ಯಾರಿಗಾದರೂ ಬರುತ್ತಿತ್ತು. ರಾಯರಿಗೆ ಸರಕಿನ ಚಿಂತೆ. ಹಳೆಯ ಬನಿಯನ್ನುಗಳನ್ನು ಹಿಡಿದು ಎರಡು ಗಂಟೆ ಮಂಡಿಯೂರಿ ಒರೆಸಿದರು. ತಲೆ ತಿರುಗಿತು, ಮೂಗು ಉರಿಯಿತು, ಮನೆಗೆ ಬಂದು ಬಿದ್ದುಕೊಂಡರು. ಎದ್ದಾಗ ಮೂಗು ಇದ್ದ ಜಾಗದಲ್ಲೇ ಇತ್ತು. ಕೆಲಸಕ್ಕೆ ಮಾತ್ರ ರಾಜೀನಾಮೆ ಕೊಟ್ಟಿತ್ತು.

ಅಂದು ಸಂಜೆ ಹೆಂಡತಿ ಬೆಣ್ಣೆಯಲ್ಲಿ ಹುರಿದ ಅಣಬೆಯ ತಟ್ಟೆ ಮುಂದಿಟ್ಟು "ಹೇಗಿದೆ?" ಎಂದು ಕೇಳಿದರು. ನಾಲಿಗೆಗೆ ಉಪ್ಪು ಗೊತ್ತಾಯಿತು, ಮೆಣಸಿನ ಚುರುಕು ಗೊತ್ತಾಯಿತು, ಹಲ್ಲಿಗೆ ಅಣಬೆ ಮೆತ್ತಗೆ ಸಿಕ್ಕಿತು. ಉಳಿದದ್ದೆಲ್ಲ ಒದ್ದೆ ಕಾಗದ. ಒಂದು ವಾರದಲ್ಲಿ ಸರಿಹೋಗುತ್ತದೆ, ಸುಮ್ಮನೆ ಯಾಕೆ ಗಾಬರಿಪಡಿಸುವುದು ಎಂದುಕೊಂಡ ರಾಯರು "ಆಹಾ!" ಅಂದುಬಿಟ್ಟರು.

ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಮೊದಲ ದಿನ ಹೇಳಿದ್ದರೆ ಅದು ಕಾಯಿಲೆ, ಆರು ತಿಂಗಳ ಮೇಲೆ ಹೇಳಿದರೆ ಅದು ಮೋಸ. ಡಬ್ಬಿಯ ಮೇಲೆ ತಪ್ಪು ಚೀಟಿ ಅಂಟಿಸಿ ಮಾರಿದ ಮೇಲೆ ಗಿರಾಕಿಯ ಗೋಡೆ ನೋಡಲು ಹೋಗಬಾರದೆನ್ನುವುದು ರಾಯರ ವ್ಯಾಪಾರದ ಮೊದಲ ಪಾಠ. ಹಾಗಾಗಿ ಪ್ರತಿ ಸಂಜೆ ತಟ್ಟೆ ಬಂತು, ಪ್ರತಿ ಸಂಜೆ "ಆಹಾ" ಬಂತು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಇಡೀ ಬೀದಿಗೆ ಟೀಚರಮ್ಮ. ಕೆಂಪು ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡೇ ಅಡುಗೆ ಮಾಡುವವರು. ಅವರಿಗೆ ಈ "ಆಹಾ" ಒಂದು ಕಿರಿಕಿರಿಯಾಗಿತ್ತು.

"ಯಾವತ್ತಾದ್ರೂ ಒಂದು ತಪ್ಪು ಹೇಳ್ರೀ," ಅನ್ನುತ್ತಿದ್ದರು. "ನೂರಕ್ಕೆ ನೂರು ಕೊಡೋ ಮೇಷ್ಟ್ರನ್ನ ಮಕ್ಕಳೂ ನಂಬಲ್ಲ."

"ತಪ್ಪು ಇದ್ರೆ ತಾನೆ ಹೇಳೋಕೆ?" ಎಂದು ರಾಯರು ಇನ್ನೊಂದು ತುತ್ತು ಬಾಯಿಗಿಡುತ್ತಿದ್ದರು. ಸುಳ್ಳು ಹೇಳುವವನು ಹೊಗಳಿಕೆಯ ನೆರಳಲ್ಲೇ ಇರಬೇಕು. ತಪ್ಪು ಹುಡುಕಲು ಹೋದರೆ ವಿವರ ಕೇಳುತ್ತಾರೆ.

ಇಷ್ಟು ಗುಟ್ಟು ಇಟ್ಟುಕೊಂಡವರು ವೈನಿನ ತಂಟೆಗೆ ಹೋಗಬಾರದಿತ್ತು. ಹೋಗಲಿಲ್ಲ ಕೂಡ, ಅದೇ ಬಂತು. ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ, ಎದುರುಮನೆಯ ಗಡಿಯಾರ ರಿಪೇರಿಯವನು, ಈ ಗಂಡಹೆಂಡತಿ, ನಾಲ್ವರೂ ಸೇರಿ ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಒಟ್ಟಿಗೆ ಊಟ ಮಾಡುವುದೆಂದು ಒಂಬತ್ತು ವರ್ಷದ ಹಿಂದೆ ಶುರುಮಾಡಿದ್ದರು. ಗಡಿಯಾರದವನು ಒಂಟಿ ಜೀವ. ಅವನ ಸರದಿ ಬಂದಾಗ ಬ್ರೆಡ್ಡು, ಮೊಟ್ಟೆ, ಕ್ಷಮಾಪಣೆ. ಮೊದಲ ಊಟದ ದಿನ ಡಾಕ್ಟರಮ್ಮ ಎರಡು ಬಾಟಲಿ ಹಿಡಿದು, "ಮೀನಿಗೆ ಯಾವುದು ತೆಗೀಲಿ?" ಎಂದು ಯಾರನ್ನೂ ನೋಡದೆ ಕೇಳಿದರು. ಅಂಗಡಿಯಲ್ಲಿ ಇಂಥ ಪ್ರಶ್ನೆ ದಿನಕ್ಕೆ ಇಪ್ಪತ್ತು ಸಲ ಕೇಳಿದ್ದ ರಾಯರ ಬಾಯಿ ತಾನಾಗಿ ತೆರೆಯಿತು. ತಟ್ಟೆಯಲ್ಲಿ ಮೀನು ತಿಳಿ ಹಳದಿ. ಒಂದು ಬಾಟಲಿ ಒಣಹುಲ್ಲಿನ ಬಣ್ಣ, ಇನ್ನೊಂದು ಇಟ್ಟಿಗೆ ಬಣ್ಣ. ತಿಳಿ ಗೋಡೆಗೆ ಇಟ್ಟಿಗೆ ಬಣ್ಣದ ಚೌಕಟ್ಟು ಯಾರಾದರೂ ಹೊಡೆಸುತ್ತಾರೆಯೇ?

"ಇದು," ಅಂದರು, ಬಿಳಿ ವೈನಿನ ಕಡೆ ಬೆರಳು ತೋರಿಸಿ. "ಅದು ಬೇಡ. ಎದ್ದು ಕಾಣುತ್ತೆ."

ಎಲ್ಲರೂ ಕುಡಿದರು, ತಲೆದೂಗಿದರು. ಅಲ್ಲಿಗೆ ಕೆಲಸ ಅಂಟಿಕೊಂಡಿತು. ಅಡುಗೆ ಯಾರ ಮನೆಯದೋ ಅವರದು, ವೈನು ರಾಯರದು ಎಂಬುದು ಬಳಗದ ಕಾನೂನಾಯಿತು. ಬುಧವಾರದೊಳಗೆ ಅಡುಗೆ ಏನೆಂದು ಅವರಿಗೆ ಹೇಳಬೇಕು. "ಗ್ರೇವಿ ಕೊನೆಗೆ ಯಾವ ಬಣ್ಣಕ್ಕೆ ತಿರುಗುತ್ತೆ?" ಎಂದು ರಾಯರು ಕೇಳುತ್ತಿದ್ದರು. ಎಂಥ ಆಳವಾದ ಪ್ರಶ್ನೆ ಎಂದು ಜನ ಬೆರಗಾಗುತ್ತಿದ್ದರು. ಆಮೇಲೆ ಅವರು ಬಣ್ಣಗಳ ಮಾದರಿ ತೋರಿಸುವ ಅಂಗಡಿಯ ಶೇಡ್ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ವೈನ್ ಅಂಗಡಿಗೆ ಹೋಗಿ, ಕಿಟಕಿಯ ಬೆಳಕಿಗೆ ಬಾಟಲಿ ಹಿಡಿದು, ಕಾರ್ಡಿನ ಚೌಕಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಹುರಿದ ಕೋಳಿಗೆ ಜೇನುಬಣ್ಣ, ಟೊಮೆಟೊ ಹಾಕಿದ ಮೀನಿಗೆ ತಿಳಿಗುಲಾಬಿ, ಕಂದು ಮಾಂಸಕ್ಕೆ ದಾಳಿಂಬೆ ಕೆಂಪು. ಹತ್ತಕ್ಕೆ ಒಂಬತ್ತು ಸಲ ಸರಿಹೋಗುತ್ತಿತ್ತು. ಹತ್ತನೆಯದನ್ನು ಮಾತು ಸರಿಪಡಿಸುತ್ತಿತ್ತು.

ಮಾತಿಗೇನು ಬರವೇ? ಬಣ್ಣ ಮಾರಿದ ಮಾತು ವೈನಿಗೂ ನಡೆಯಿತು. "ಹಿಡಿತ ಚೆನ್ನಾಗಿದೆ." "ಅವಸರ ಮಾಡ್ಬೇಡಿ, ಕೂರೋಕೆ ಟೈಮ್ ಕೊಡಿ." "ಇದರ ಹೊಳಪು ಕೊನೇಲಿ ಬರುತ್ತೆ." ಡಾಕ್ಟರಮ್ಮ ಇವನ್ನೆಲ್ಲ ಕೇಳಿಸಿಕೊಂಡು ಹೋಗಿ ತಮ್ಮ ಕ್ಲಿನಿಕ್ಕಿನಲ್ಲಿ, ಬಾಯಿ ತೆರೆದು ಕೂತ, ಎದುರು ಮಾತಾಡಲಾಗದ ರೋಗಿಗಳಿಗೆ ಹೇಳುತ್ತಿದ್ದರಂತೆ.

ಹೀಗೆ ಒಂಬತ್ತು ವರ್ಷ ಸುಸೂತ್ರವಾಗಿ ನಡೆದ ಗಾಡಿಗೆ ಅಡ್ಡ ಬಂದವರು ರಾಯರ ಷಡ್ಡಕ, ಅಂದರೆ ಟೀಚರಮ್ಮನ ತಂಗಿಯ ಗಂಡ. ಸುಂಕದ ಇಲಾಖೆಯಲ್ಲಿ ಮೂವತ್ತು ವರ್ಷ ಜನರ ಪೆಟ್ಟಿಗೆ ಬಿಚ್ಚಿಸಿ ನಿವೃತ್ತರಾದವರು. ಕೆಲಸ ಬಿಟ್ಟಿತ್ತು, ಬಿಚ್ಚಿಸುವ ಚಟ ಬಿಟ್ಟಿರಲಿಲ್ಲ. ಗಂಡಹೆಂಡತಿ ಅದೇ ಬೀದಿಯ ಕೊನೆಯ ಮನೆಗೆ ಬಂದು ಸೇರಿದರು. ಅಕ್ಕತಂಗಿಯರ ಖುಷಿಯಲ್ಲಿ ಶನಿವಾರದ ಮೇಜಿಗೆ ಎರಡು ಕುರ್ಚಿ ಹೆಚ್ಚಾದವು. ಷಡ್ಡಕರು ಮೊದಲ ಎರಡು ಶನಿವಾರ ಬರೀ ನೋಡಿದರು. ಮೂರನೆಯ ಶನಿವಾರ ಡಾಕ್ಟರಮ್ಮನ ಮನೆಯಲ್ಲಿ ಬಾಯಿ ತೆರೆದರು.

ರಾಯರು ಆಗತಾನೆ, "ಇದು ಮೊದಲು ಸ್ವಲ್ಪ ಒರಟು ಅನಿಸುತ್ತೆ. ಎರಡನೇ ಕೋಟ್ ಆದ್ಮೇಲೆ ನೋಡಿ, ಹೇಗೆ ಮೆತ್ತಗೆ ಕೂರುತ್ತೆ," ಅಂದಿದ್ದರು.

"ರಾಯರೇ," ಅಂದರು ಷಡ್ಡಕರು, "ನೀವು ಹೇಳ್ತಿರೋದು ವೈನಿನ ವಿಷಯಾನೋ ಕಾಂಪೌಂಡ್ ಗೋಡೆ ವಿಷಯಾನೋ?"

ಗಡಿಯಾರದವನು ತಟ್ಟೆಗೆ ಮುಖ ಹಾಕಿ ನಕ್ಕ. ನಾದಿನಿ ಗಂಡನ ಮೊಣಕೈ ತಿವಿದರು.

"ಅಲ್ಲ ಕಣೇ, ಕಲಿಯೋಣ ಅಂತ ಕೇಳಿದೆ. ಮುಂದಿನ ವಾರ ಅಕ್ಕನ ಮನೇಲಿ ತಾನೆ? ಒಂದು ಕೆಲಸ ಮಾಡೋಣ. ಬಾಟಲಿ ನಾನು ತರ್ತೀನಿ. ಮೂರು. ಮೂರೂ ಕೆಂಪೇ. ಹೆಸರು ಹೇಳಲ್ಲ. ಯಾವುದು ಎಳೇದು, ಯಾವುದು ಹಳೇದು, ಊಟಕ್ಕೆ ಯಾವುದು ಅಂತ ರಾಯರು ಮೂಗಿನಿಂದ ಹೇಳ್ಲಿ."

"ಬಟ್ಟೆ ಸುತ್ತಿಕೊಂಡೇ ತನ್ನಿ, ಸಾಹೇಬರೇ," ಅಂದರು ರಾಯರು ಧಾರಾಳವಾಗಿ. ಬಾಟಲಿಗೆ ಬಟ್ಟೆ ಸುತ್ತಬಹುದು, ಗ್ಲಾಸಿಗೆ ಸುತ್ತಲಾಗುತ್ತದೆಯೇ?

"ನಮ್ಮವರ ಮೂಗು ಏನಂತ ತಿಳ್ಕೊಂಡಿದೀರಿ?" ಎಂದು ಟೀಚರಮ್ಮ ಹೆಮ್ಮೆಯಿಂದ ಅಂದದ್ದೇ ರಾಯರ ಕೊರಳಿಗೆ ಬಿದ್ದ ಕುಣಿಕೆ. ಮನೆಗೆ ಹೋಗುವ ನಾಲ್ಕು ಹೆಜ್ಜೆಯ ದಾರಿಯಲ್ಲಿ ಅವರು ಹೇಳಿಬಿಡಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ, "ತಂಗಿ ಗಂಡ ಏನಾದ್ರೂ ಅನ್ಲಿ. ನನ್ನ ಕೈ ಅಡುಗೇನ ದಿನಾ ಗುರುತಿಸೋ ಮೂಗು ಅದು. ನನಗೆ ಗೊತ್ತಿಲ್ವಾ?" ಅಂದರು. ಬಾಯಿ ಮುಚ್ಚಿತು.

ಷಡ್ಡಕರ ಮುಂದೆ ಮಾನ ಹೋಗುವುದು ರಾಯರಿಗೆ ಅಂಥ ದೊಡ್ಡ ಸಂಗತಿಯಲ್ಲ. ಮಾನ ಹೋದರೆ ಇನ್ನೊಂದು ಡಬ್ಬಿ ತೆಗೆದು ಬಳಿಯಬಹುದು. ಆದರೆ ಆ ಮೂಗು ಸತ್ತಿದೆ ಎಂದು ಟೀಚರಮ್ಮನಿಗೆ ಗೊತ್ತಾದರೆ, ಅವರು ಹನ್ನೊಂದು ವರ್ಷದ ಅಷ್ಟೂ "ಆಹಾ"ಗಳನ್ನು ಹೊರಗೆ ತೆಗೆದು, ಒಂದೊಂದರ ಮೇಲೂ ಕೆಂಪು ಪೆನ್ನು ಎಳೆಯುತ್ತಾರೆ. ಬೇಸಿಗೆಯ ಸೆಕೆಯಲ್ಲಿ, ಪರೀಕ್ಷೆಯ ಪೇಪರು ತಿದ್ದುವ ವಾರದಲ್ಲಿ, ಸೊಂಟ ಹಿಡಿದುಕೊಂಡ ದಿನಗಳಲ್ಲಿ ಒಲೆ ಮುಂದೆ ನಿಂತದ್ದೆಲ್ಲ ಒಂದು ಗೋಡೆಗೆ ಬಡಿಸಿದ ಹಾಗಾಯಿತು ಅಂದುಕೊಳ್ಳುತ್ತಾರೆ.

ಶನಿವಾರ ಬಂತು. ಟೀಚರಮ್ಮ ಮಧ್ಯಾಹ್ನ ಮೂರಕ್ಕೇ ಕುರಿಮಾಂಸದ ಸ್ಟ್ಯೂ ಇಟ್ಟರು. ಮಾಂಸ, ಈರುಳ್ಳಿ, ಕ್ಯಾರೆಟ್ಟು, ಆಲೂಗಡ್ಡೆ, ಸಣ್ಣ ಉರಿ, ದೊಡ್ಡ ಸಹನೆ. ಆರೂವರೆಗೆ ಗ್ರೇವಿ ಇನ್ನೂ ತೆಳ್ಳಗಿದೆಯೆಂದು ಉರಿ ಏರಿಸಿದರು. ಅದೇ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು.

"ರೀ, ಇಲ್ಲಿ ಬನ್ನಿ. ಇದರ ಹತ್ರ ನಿಂತಿರಿ. ಕಲಕಬೇಡಿ, ಆಲೂಗಡ್ಡೆ ಪುಡಿಯಾಗುತ್ತೆ. ವಾಸನೆ ಬದಲಾಯಿತು ಅನಿಸಿದ ತಕ್ಷಣ ಉರಿ ಆರಿಸಿ. ಅಷ್ಟೆ."

"ಅಷ್ಟೇ ತಾನೆ?" ಅಂದರು ರಾಯರು. ಲೋಕದಲ್ಲಿ ಅವರಿಂದಾಗದ ಕೆಲಸ ಒಂದೇ ಇತ್ತು. ಅದನ್ನೇ ಕೈಯಲ್ಲಿಟ್ಟು ಹೆಂಡತಿ ಬಾಗಿಲು ತೆಗೆಯಲು ಹೋದರು.

ಸೌಟು ಹಿಡಿದು ಪಾತ್ರೆಯ ಪಕ್ಕ ನಿಂತ ರಾಯರ ತಲೆಯಲ್ಲಿ ಮೂರು ಕೆಂಪು ವೈನುಗಳು ಓಡುತ್ತಿದ್ದವು. ಎಳೆಯದಾದರೆ ಅಂಚಿನಲ್ಲಿ ನೇರಳೆ ಛಾಯೆ. ಹಳೆಯದಾದರೆ ಅಂಚು ಇಟ್ಟಿಗೆಗೆ ತಿರುಗುತ್ತದೆ, ಬಿಸಿಲಿಗೆ ನಿಂತ ಗೇಟಿನ ಹಾಗೆ. ಬಣ್ಣ ಮುದಿಯಾಗುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗ್ಲಾಸನ್ನು ಓರೆಮಾಡಿ ಹಿಡಿಯುವುದು, ಕಣ್ಣು ಮುಚ್ಚುವ ಮೊದಲು ಒಂದು ಸಲ ಇಣುಕುವುದು, "ಹ್ಞೂಂ" ಅನ್ನುವುದು, ಎಲ್ಲವನ್ನೂ ಸೌಟನ್ನೇ ಗ್ಲಾಸು ಮಾಡಿಕೊಂಡು ಅಭ್ಯಾಸ ಮಾಡಿದರು.

ಹೊರಕೋಣೆಯಲ್ಲಿ ಮಾತು ನಿಂತದ್ದು ಅವರಿಗೆ ಕೇಳಿಸಲಿಲ್ಲ. ಮೊದಲು ಮೂಗರಳಿಸಿದ್ದು ಗಡಿಯಾರದವನು. ಆಮೇಲೆ ಡಾಕ್ಟರಮ್ಮ. ಆಮೇಲೆ ನಾದಿನಿ, "ಅಕ್ಕಾ, ಏನೋ ಸೀದ ವಾಸನೆ..." ಅಂದರು. ಟೀಚರಮ್ಮ ಓಡಿಬಂದರು.

ಅಡುಗೆಮನೆ ತುಂಬ ವಾಸನೆ ಕಟ್ಟಿತ್ತು. ನಡುವೆ, ಪಾತ್ರೆಯಿಂದ ಒಂದು ಗೇಣು ದೂರದಲ್ಲಿ, ಬೀದಿಯಲ್ಲೇ ಹೆಸರಾದ ಮೂಗು ಪ್ರಶಾಂತವಾಗಿ ನಿಂತಿತ್ತು. ಹೆಂಡತಿಯ ಹೆಜ್ಜೆ ಸದ್ದು ಕೇಳಿದ ರಾಯರು ಅವರನ್ನು ಖುಷಿಪಡಿಸೋಣವೆಂದು ಒಂದು ದೀರ್ಘ ಉಸಿರು ಎಳೆದುಕೊಂಡರು.

"ಆಹಾ! ಏನು ಘಮ ಬರ್ತಿದೆ ನೋಡೇ!"

ಟೀಚರಮ್ಮ ಬಾಗಿಲಲ್ಲೇ ನಿಂತರು. ಗಂಡನ ಮುಖ ನೋಡಿದರು, ಪಾತ್ರೆ ನೋಡಿದರು, ಮತ್ತೆ ಮುಖ ನೋಡಿದರು. ಹಲಗೆಯ ಮೇಲೆ ತಾವೇ ಬರೆದ ಲೆಕ್ಕದಲ್ಲಿ ಮೊದಲ ಸಾಲೇ ತಪ್ಪೆಂದು ಈಗ ಕಂಡವರ ಹಾಗೆ.

"ಬರ್ತಿದೆಯಾ?" ಅಂದರು.

"ಬರದೆ ಏನು? ಆಚೆ ಬೀದಿಗೂ ಹೋಗಿರಬೇಕು."

"ಹೌದು. ಹೋಗಿರಬೇಕು."

ಅವರು ಗ್ಯಾಸ್ ಆರಿಸಿದರು. ಇನ್ನೊಂದು ಪಾತ್ರೆ ತೆಗೆದು, ತಳ ಕೆರೆಯದೆ ಮೇಲಿನ ಸ್ಟ್ಯೂ ಅಷ್ಟನ್ನೂ ಸೌಟಿನಿಂದ ಅದಕ್ಕೆ ದಾಟಿಸಿದರು. ಹಳೆಯ ಪಾತ್ರೆಯ ತಳ ಕಾಣಿಸಿತು. ತಾರಿನ ಹಾಗೆ ಕರ್ರಗೆ. ರಾಯರ ಮುಖದ ಬಣ್ಣ ಶೇಡ್ ಕಾರ್ಡಿನ ಕೊನೆಯ ಬಿಳಿ ಚೌಕಕ್ಕೆ ಇಳಿಯಿತು.

"ಇಲ್ನೋಡೇ, ನಾನು..."

"ಜನ ಕಾಯ್ತಿದಾರೆ," ಅಂದರು ಟೀಚರಮ್ಮ, ತಿರುಗಿ ನೋಡದೆ. "ತಟ್ಟೆ ತಗೊಂಡು ಬನ್ನಿ."

ಗೊತ್ತಾಯಿತೋ, ಇಲ್ಲವೋ? ವೈನಿನ ಯೋಚನೆಯಲ್ಲಿ ಗಂಡ ಗಮನಿಸಲಿಲ್ಲ ಎಂದುಕೊಂಡಿರಬಹುದೋ? ಆರು ತಟ್ಟೆ ಹೊತ್ತು ಮೇಜಿಗೆ ಬಂದ ರಾಯರಿಗೆ ಅಲ್ಲಿ ಎರಡನೆಯ ಪೆಟ್ಟು ಕಾದಿತ್ತು. ಅವರ ಜಾಗದ ಮುಂದೆ ಮೂರು ಸ್ಟೀಲ್ ಲೋಟಗಳು ಸಾಲಾಗಿ ನಿಂತಿದ್ದವು. ಶಾಲೆಗೆ ಹೋಗುವ ಮಕ್ಕಳು ಹಾಲು ಕುಡಿಯುವಂಥವು: ತಿರುಪು ಮುಚ್ಚಳ, ಮುಚ್ಚಳದಲ್ಲಿ ತೂತು, ತೂತಿನಲ್ಲಿ ಬಿಳಿ ಪ್ಲಾಸ್ಟಿಕ್ ಸ್ಟ್ರಾ. ಒಂದರ ಮೇಲೆ ಮೊಲದ ಚಿತ್ರ.

"ಗ್ಲಾಸೆಲ್ಲಿ?" ಅಂದರು ರಾಯರು.

"ಗ್ಲಾಸ್ ಯಾಕೆ?" ಷಡ್ಡಕರು ಕೈ ಉಜ್ಜಿಕೊಂಡರು. "ಮೂವತ್ತು ವರ್ಷ ನೋಡಿದೀನಿ, ರಾಯರೇ. ಜನ ಕಣ್ಣಲ್ಲೇ ಅರ್ಧ ಮೋಸ ಮಾಡ್ತಾರೆ. ಕಣ್ಣು ಬೇಡ. ಮೂಗು ಸಾಕು. ತೂತಿಗೆ ಮೂಗಿಡಿ, ಸ್ಟ್ರಾದಲ್ಲಿ ಎಳೀರಿ, ಹೇಳಿ."

"ಅಷ್ಟು ದೊಡ್ಡ ಮೂಗು ಇಷ್ಟು ಸಣ್ಣ ತೂತಿಗೆ ಹಿಡಿಯುತ್ತಾ ಸ್ವಾಮಿ?" ಅಂದ ಗಡಿಯಾರದವನು. ಎಲ್ಲರೂ ನಕ್ಕರು. ಟೀಚರಮ್ಮ ನಗಲಿಲ್ಲ. ಅವರು ಸ್ಟ್ಯೂ ಬಡಿಸುತ್ತಿದ್ದರು.

ಸ್ಟ್ಯೂ ಸೀದಿತ್ತು. ಪಾತ್ರೆ ಬದಲಾಯಿಸಿದರೂ ವಾಸನೆ ಜೊತೆಗೇ ವರ್ಗವಾಗಿ ಬಂದಿತ್ತು. ಆದರೆ ಮನೆಯಾಕೆ ಎದುರಿಗಿದ್ದಾಗ ಸಭ್ಯರಿಗೆ ಮೂಗಿರುವುದಿಲ್ಲ. ಡಾಕ್ಟರಮ್ಮ "ಬಿಸಿಬಿಸಿಯಾಗಿದೆ" ಅಂದರು. ನಾದಿನಿ "ಬಟ್ಟಲು ಹೊಸದಾ ಅಕ್ಕ?" ಅಂದರು. ಗಡಿಯಾರದವನು ಏನೂ ಅನ್ನದೆ ಎರಡನೆಯ ಸಲ ಹಾಕಿಸಿಕೊಂಡ. ಅವನ ಸ್ವಂತ ಅಡುಗೆಯ ಮುಂದೆ ಇದು ಹಬ್ಬ.

ರಾಯರು ಮೊಲದ ಲೋಟ ಎತ್ತಿಕೊಂಡರು. ಮೂಗಿಟ್ಟರು. ಕಣ್ಣು ಮುಚ್ಚಿದರು. ಎಂಟು ಎಣಿಸಿದರು. ಒಳಗೆ ವೈನಿತ್ತೋ, ಸೀಮೆಎಣ್ಣೆಯಿತ್ತೋ, ಆ ದೇವರಿಗೇ ಗೊತ್ತು. ಸ್ಟ್ರಾದಲ್ಲಿ ಎಳೆದರೆ ಹುಳಿ, ಒಗರು. ಎರಡನೆಯದೂ ಹುಳಿ, ಒಗರು. ಮೂರನೆಯದೂ.

ಆಗ ಅವರ ಕೈ ತಾನಾಗಿಯೇ ಒಂದು ಕೆಲಸ ಮಾಡಿತು. ಅಂಗಡಿಯಲ್ಲಿ ಬಿಳಿ ಬಣ್ಣಕ್ಕೆ ಛಾಯೆ ಬೆರೆಸುವಾಗ, ಡಬ್ಬಿಯಿಂದ ಒಂದೇ ಹನಿ ಬೇಕಾದರೆ ಅವರು ಕೊಳವೆ ಅದ್ದಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತುತ್ತಿದ್ದರು. ಬೆರಳು ಸಡಿಲಿಸಿದರೆ ಒಂದು ಹನಿ, ಬೇಕಾದಲ್ಲಿ. ಇಪ್ಪತ್ತು ವರ್ಷದ ಅಭ್ಯಾಸ. ಕೆಮ್ಮಿದ ಹಾಗೆ ಮಾಡಿ ಬಾಗಿ, ಸ್ಟ್ರಾ ಹೊರಗೆಳೆದು, ತೊಡೆಯ ಮೇಲಿನ ಬಿಳಿ ನ್ಯಾಪ್ಕಿನ್ನಿಗೆ ಒಂದು ಹನಿ ಬಿಟ್ಟರು. ಮೂರು ಕೆಮ್ಮು, ಮೂರು ಹನಿ. ಡಾಕ್ಟರಮ್ಮ "ನೀರು ಕುಡೀರಿ" ಅಂದರು.

ಹನಿಗಳು ಹರಡಿ ಒಣಗತೊಡಗಿದವು. ಒಂದರ ಅಂಚು ನೇರಳೆ. ಒಂದರದು ಇಟ್ಟಿಗೆ, ಅದರಾಚೆ ಕಂದು. ನಡುವಿನದು ತುಂಬಿದ ದಾಳಿಂಬೆ ಕೆಂಪು. ಕಾರ್ಡು ಕೂಡ ಬೇಕಾಗಲಿಲ್ಲ.

"ಮೊಲದ್ದು ಎಳೇದು," ಅಂದರು ರಾಯರು, ಕಣ್ಣು ಮುಚ್ಚಿಕೊಂಡೇ. "ಇನ್ನೂ ಮೈಯೆಲ್ಲ ನೇರಳೆ. ಈ ತುದೀದು ಹಳೇದು, ಬಿಸಿಲು ತಿಂದಿದೆ. ನಡುವಿಂದು ಊಟಕ್ಕೆ."

ಷಡ್ಡಕರು ಮೇಜಿನ ಕೆಳಗಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಚೀಟಿ ಓದಿದರು. ಓದಿದಷ್ಟೂ ಮುಖ ಸಣ್ಣದಾಯಿತು. ಎಲ್ಲವೂ ಸರಿಯಿತ್ತು. ಗಡಿಯಾರದವನು ಮೇಜು ಕುಟ್ಟಿದ. ನಾದಿನಿ ಗಂಡನಿಗೆ "ಆಯ್ತಾ ಸಮಾಧಾನ?" ಅಂದರು. ಡಾಕ್ಟರಮ್ಮ "ಮೈಯೆಲ್ಲ ನೇರಳೆ" ಎಂಬುದನ್ನು ಸೋಮವಾರದ ರೋಗಿಗಳಿಗಾಗಿ ತೆಗೆದಿಟ್ಟುಕೊಂಡರು.

ರಾಯರು ಕಣ್ಣು ತೆರೆದು ನೋಡಿದ್ದು ಹೆಂಡತಿಯನ್ನು ಮಾತ್ರ. ಟೀಚರಮ್ಮ ಅವರ ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದರು. ಅಷ್ಟು ಹೊತ್ತಾದರೂ ರಾಯರು ಅದನ್ನು ಮುಟ್ಟಿರಲಿಲ್ಲ.

"ಸ್ಟ್ಯೂ ಹೇಗಿದೆ?" ಅಂದರು.

ದಿನವೂ ಕೇಳುವ ಪ್ರಶ್ನೆ, ಅದೇ ದನಿಯಲ್ಲಿ. ಐದು ಜನಕ್ಕೂ ಉತ್ತರ ಗೊತ್ತಿತ್ತು.

ರಾಯರು ಒಂದು ಚಮಚ ಬಾಯಿಗಿಟ್ಟರು. ಅವರೊಳಗಿನ ವ್ಯಾಪಾರಿ ಎದ್ದು ನಿಂತ. ಸರಕು ಕೈಯಲ್ಲೇ ಇತ್ತು: ಕಪ್ಪು ತಳವನ್ನು ಕಣ್ಣಾರೆ ನೋಡಿಯಾಗಿತ್ತು. "ಸ್ವಲ್ಪ ಸೀದಿದೆ ಕಣೇ, ಬೇಜಾರಾಗಬಾರದು ಅಂತ ಒಳಗೆ ಹಾಗಂದೆ," ಅಂದರೆ ಮುಗಿಯಿತು. ಮೂಗು ಉಳಿಯಿತು, ಕೀರ್ತಿ ಉಳಿಯಿತು, ಒಳ್ಳೆಯ ಗಂಡನೆಂಬ ಬೋನಸ್ಸು ಬೇರೆ. ಇಷ್ಟು ಅಚ್ಚುಕಟ್ಟಾದ ಸುಳ್ಳು ಅವರ ಅಂಗಡಿಯಲ್ಲೂ ಎಂದೂ ತಯಾರಾಗಿರಲಿಲ್ಲ.

ಆದರೆ ಎದುರಿಗಿದ್ದ ಮುಖ ಉತ್ತರ ಕಾಯುತ್ತಿತ್ತು, ನಿಜವಾದ ಉತ್ತರ, ಹನ್ನೊಂದು ವರ್ಷದಿಂದ.

"ಗೊತ್ತಿಲ್ಲ," ಅಂದರು ರಾಯರು.

"ಏನು ಗೊತ್ತಿಲ್ಲ?"

"ಸೀದಿದೆ ಅಂತ ಕಣ್ಣಲ್ಲಿ ನೋಡಿದೆ. ಮೂಗಿಗೆ ಗೊತ್ತಿಲ್ಲ. ಆ ಥಿನ್ನರ್ ಚೆಲ್ಲಿದ ದಿನದಿಂದ ಏನೂ ಗೊತ್ತಿಲ್ಲ."

ತೊಡೆಯ ಮೇಲಿನ ನ್ಯಾಪ್ಕಿನ್ನನ್ನು ಎತ್ತಿ ಮೇಜಿನ ನಡುವೆ ಇಟ್ಟರು. ಮೂರು ಕಲೆಗಳು ಶೇಡ್ ಕಾರ್ಡಿನ ಚೌಕಗಳಂತೆ ಸಾಲಾಗಿ ಕೂತಿದ್ದವು.

ಮೊದಲು ಮಾತಾಡಿದ್ದು ಷಡ್ಡಕರು. "ನಾನು ಹೇಳ್ಲಿಲ್ವಾ? ಕಣ್ಣಲ್ಲಿ! ಇದು ಕಳ್ಳಸಾಗಣೆ!" ಎಂದು ಕುಣಿಯುವುದೊಂದು ಬಾಕಿ.

"ಸುಮ್ನಿರಿ ಸ್ವಾಮಿ," ಅಂದ ಗಡಿಯಾರದವನು, ಮೂರನೆಯ ಸಲ ಸ್ಟ್ಯೂ ಹಾಕಿಕೊಳ್ಳುತ್ತ. "ಮೂಗಿರೋ ನಾವು ಮೂರು ಜನ ಒಂಬತ್ತು ವರ್ಷದಲ್ಲಿ ಒಂದು ಬಾಟಲೀನೂ ಆರಿಸ್ಲಿಲ್ಲ."

ಆದರೆ ಟೀಚರಮ್ಮನಿಗೆ ಯಾರ ಮಾತೂ ಕೇಳಿಸಿದಂತಿರಲಿಲ್ಲ. ಅವರ ತುಟಿ ಅಲುಗುತ್ತಿತ್ತು. ಗುಣಾಕಾರ ನಡೆದಿತ್ತು.

"ನಾಲ್ಕು ಸಾವಿರದ ಹದಿನೈದು," ಅಂದರು ಕೊನೆಗೆ. "ರಾತ್ರಿ ಊಟ ಮಾತ್ರ. ಫೆಬ್ರವರಿ ಇಪ್ಪತ್ತೊಂಬತ್ತು ಬಿಟ್ಟು." ಎದ್ದು, ತಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಸೀದ ಪಾತ್ರೆಯನ್ನು ತಂತಿಯಿಂದ ಉಜ್ಜುವ ಸದ್ದು ಅತಿಥಿಗಳು ಚಪ್ಪಲಿ ಹಾಕಿಕೊಳ್ಳುವವರೆಗೂ ನಿಲ್ಲಲಿಲ್ಲ.

ಮರುದಿನದಿಂದ ರಾಯರ ತಟ್ಟೆಗೆ ಬೇಯಿಸಿದ ಆಲೂಗಡ್ಡೆ ಬರತೊಡಗಿತು. ಬೆಳಿಗ್ಗೆ ಬ್ರೆಡ್ಡು, ಸಂಜೆ ಆಲೂಗಡ್ಡೆ. ಅದೇ ಮೇಜಿನ ಆ ತುದಿಯಲ್ಲಿ ಟೀಚರಮ್ಮ ತಮಗೆ ಮಾತ್ರ ಬೆಣ್ಣೆಯಲ್ಲಿ ಮೀನು ಹುರಿದುಕೊಂಡು ತಿನ್ನುತ್ತಿದ್ದರು.

"ನನಗೊಂದು ತುಂಡು..." ಅಂದರು ರಾಯರು ನಾಲ್ಕನೆಯ ದಿನ.

"ನಿಮಗ್ಯಾಕೆ? ಆಲೂಗಡ್ಡೇನೂ ಮೀನೂ ನಿಮ್ಮ ಮೂಗಿಗೆ ಒಂದೇ ತಾನೆ?"

"ಒಂದೇ ಅಲ್ಲ," ಅಂದರು ರಾಯರು. ಹೊಟ್ಟೆಯ ಉರಿ ಧೈರ್ಯ ಕೊಟ್ಟಿತ್ತು. "ಮೀನಿನ ಅಂಚು ಗರಿಗರಿ ಇದೆ. ನೀನು ಕಚ್ಚಿದಾಗ ಇಲ್ಲಿಗೆ ಕೇಳಿಸ್ತು. ಮೊನ್ನೆ ಅಷ್ಟು ಗರಿಯಾಗಿರಲಿಲ್ಲ, ಬೆಣ್ಣೆ ಕಾಯೋ ಮುಂಚೆ ಹಾಕಿದ್ದೆ. ಚುಂಯ್ ಅನ್ನಲೇ ಇಲ್ಲ."

ಟೀಚರಮ್ಮನ ಚಮಚ ಒಂದು ಗಳಿಗೆ ನಿಂತಿತು. ಆಲೂಗಡ್ಡೆ ಮುಂದುವರಿಯಿತು.

ಈ ನಡುವೆ ಬಂದ ಶನಿವಾರದ ಊಟ ಷಡ್ಡಕರ ಮನೆಯಲ್ಲಿ. ವೈನು ತಾವೇ ಆರಿಸುವುದಾಗಿ ಅವರು ಸಾರಿದ್ದರು. ತಿಳಿ ಕೆನೆಯ ಕೋಳಿಗೆ ಮಸಿಯಂಥ ಕೆಂಪು ಸುರಿದು, ಕುಡಿದವರ ಮುಖ ನೋಡಿದರು. ಮೂರನೆಯ ಗುಟುಕಿಗೆ ಅವರ ಹೆಂಡತಿಯೇ, "ಭಾವನ್ನ ಕೇಳ್ಬಾರದಿತ್ತಾ?" ಅಂದರು. ಸೋಮವಾರವೇ ಡಾಕ್ಟರಮ್ಮ ಎಂದಿನಂತೆ ಅಂಗಡಿಗೆ ಬಂದು, ಗ್ರೇವಿ ಯಾವ ಬಣ್ಣಕ್ಕೆ ತಿರುಗುತ್ತದೆಂದು ರಾಯರು ಕೇಳುವ ಮೊದಲೇ ಹೇಳಿದರು. ಮೂಗುರಾಯರೆಂಬ ಹೆಸರೂ ಹಾಗೇ ಉಳಿಯಿತು. ಓಡುವ ಅಂಗಡಿಯ ಬೋರ್ಡನ್ನು ಯಾರೂ ಬದಲಾಯಿಸುವುದಿಲ್ಲ.

ಹತ್ತನೆಯ ದಿನ ಸಂಜೆ ರಾಯರು ಮನೆಗೆ ಬಂದಾಗ ಮೇಜಿನ ಮೇಲೆ ಎರಡು ಬಟ್ಟಲು ಸ್ಟ್ಯೂ ಇತ್ತು. ಟೀಚರಮ್ಮ ಜಡೆಯಿಂದ ಕೆಂಪು ಪೆನ್ನು ತೆಗೆದು ಪಕ್ಕಕ್ಕಿಟ್ಟು ಎದುರಿಗೆ ಕೂತರು.

"ತಿನ್ನಿ. ಹೇಗಿದೆ?"

ಹನ್ನೊಂದು ವರ್ಷದ ಅಭ್ಯಾಸಕ್ಕೆ "ಆ" ಎಂಬುದು ಗಂಟಲವರೆಗೂ ಬಂತು. ರಾಯರು ಅದನ್ನು ನುಂಗಿಕೊಂಡರು. ನಿಧಾನವಾಗಿ ಅಗಿದರು. ನಾಲಿಗೆಯನ್ನು ಕೇಳಿದರು, ಹಲ್ಲನ್ನು ಕೇಳಿದರು, ಬಟ್ಟಲಿನ ಬಣ್ಣವನ್ನು ನೋಡಿದರು.

"ಉಪ್ಪು ಒಂದು ಚಿಟಿಕೆ ಕಮ್ಮಿ," ಅಂದರು. "ಮಾಂಸ ಸರಿಯಾಗಿ ಬೆಂದಿದೆ. ಕ್ಯಾರೆಟ್ ಜಾಸ್ತಿ ಬೆಂದು ಮೆತ್ತಗಾಗಿದೆ, ಹಲ್ಲಿಗೆ ಸಿಗಲ್ಲ. ಇನ್ನೂ ಅರ್ಧ ಗಂಟೆ ಬಿಟ್ಟು ಹಾಕಬೇಕಿತ್ತು."

ಟೀಚರಮ್ಮ ಹುಬ್ಬು ಗಂಟಿಕ್ಕಿದರು. ತಮ್ಮ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟು, ಕ್ಯಾರೆಟ್ಟನ್ನು ನಾಲಿಗೆಯಿಂದಲೇ ಒತ್ತಿ ನೋಡಿದರು.

"ಕಂಡಿದೀನಿ," ಅಂದರು. "ನನ್ನ ಕ್ಯಾರೆಟ್‌ಗೆ ಹೆಸರಿಡೋಕೆ ಬಂದುಬಿಟ್ರು."

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದರು. ಮೊದಲು ತಮ್ಮ ಬಟ್ಟಲಿಗೆ ಹಾಕಿಕೊಂಡರು, ಆಮೇಲೆ ಗಂಡನದಕ್ಕೆ. ಮತ್ತೆ ಸೌಟು ಎತ್ತಿ, ಕೇಳದೆಯೇ, ಇನ್ನೊಂದು ಸೌಟು ತುಂಬ ಬಡಿಸಿದರು.

"ಆಲೂಗಡ್ಡೆ?" ಅಂದರು. "ಅದರ ವಿಷಯ ಏನೂ ಹೇಳ್ಲಿಲ್ಲ?"

"ಅದರ ಬಗ್ಗೆ ಒಂಬತ್ತು ದಿನದಿಂದ ಹೇಳೋದು ಬೇಕಾದಷ್ಟಿದೆ," ಅಂದರು ರಾಯರು.